ಇಬ್ಬರ ಗಾಳಿದೋಣಿ: ಅಘನಾಶಿನಿಯಲ್ಲಿ ಹುಟ್ಟು ಹಾಕಿ ನೋಡಿದ್ದು

ಕೇಳುವವರು ಜಾಸ್ತಿ ಆಗಿದ್ದಾರೆ. ಬಿಪಿ ಮಾತ್ರೆಗೆ ಅಂಗಡಿಗೆ ಬಂದವರೂ ಚೀಟಿ ಕೊಡುತ್ತಾ, "ಮೇಡಂ, ನಿಮ್ಮ ಗಾಳಿದೋಣಿ ಹೇಗಿದೆ? ನಾವೂ ತಗೋಬಹುದಾ?" ಅನ್ನುತ್ತಾರೆ. ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತು ಹೇಳಿ ಮುಗಿಯುವ ವಿಷಯ ಅಲ್ಲ ಇದು. ಹಿಂದೆ ನಿಂತವರು ಜ್ವರದ ಮಾತ್ರೆಗೆ ಕಾಯುತ್ತಿರುತ್ತಾರೆ. ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ತಗೋಬಹುದು. ಅದು ಒಳ್ಳೆಯ ದೋಣಿಯೋ ಕೆಟ್ಟ ದೋಣಿಯೋ ಅನ್ನುವುದು ಮಾತ್ರ ನೀವು ಯಾವ ನೀರಿಗೆ, ಎಷ್ಟು ಗಂಟೆಗೆ ಇಳಿಸುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ. ಬೆಳಿಗ್ಗೆ ಏಳು ಗಂಟೆಗೆ ಅಘನಾಶಿನಿ ನದಿಯಲ್ಲಿ ಮಿರ್ಜಾನ್ ಹತ್ತಿರ ಇದರಷ್ಟು ಸುಖದ ದೋಣಿ ಇನ್ನೊಂದಿಲ್ಲ. ಅದೇ ದೋಣಿ, ಅದೇ ಜಾಗ, ಮಧ್ಯಾಹ್ನ ಎರಡಕ್ಕೆ ನಮ್ಮ ಮಾತೇ ಕೇಳುವುದಿಲ್ಲ.

ನಮ್ಮದು ಮಾರುಕಟ್ಟೆಯಲ್ಲಿ ಸಿಗುವ ಸಾದಾ ಜಾತಿಯ, ಗಾಳಿ ತುಂಬಿಸುವ ಇಬ್ಬರ ಕಯಾಕ್, ಅಂದರೆ ಕೂತು ಹುಟ್ಟು ಹಾಕುವ ಉದ್ದನೆ ಕಿರುದೋಣಿ. ಪಿವಿಸಿ ಮೈ. ಉದ್ದ 312 ಸೆಂಟಿಮೀಟರ್, ಅಗಲ 91. ಎಡಕ್ಕೊಂದು ಬಲಕ್ಕೊಂದು ದಪ್ಪ ಕೊಳವೆ, ಅಡಿಗೆ ಬೇರೆಯೇ ಗಾಳಿಯ ಹಾಸು, ಒಟ್ಟು ಮೂರು ಕೋಣೆ. ಮೂರಕ್ಕೂ ಬೇರೆ ಬೇರೆ ವಾಲ್ವ್. ಗಾಳಿ ತುಂಬುವ ಎರಡು ಸೀಟು, ಎರಡು ಅಲ್ಯೂಮಿನಿಯಂ ಹುಟ್ಟು, ಒಂದು ಕೈಪಂಪು, ಹಿಂದುಗಡೆ ಅಡಿಗೆ ಸಿಕ್ಕಿಸುವ ಪ್ಲಾಸ್ಟಿಕ್ ರೆಕ್ಕೆ. ಎಲ್ಲಾ ಸೇರಿ ಚೀಲದ ತೂಕ ಸುಮಾರು 16 ಕಿಲೋ. ಬೆಲೆ ಬರೆಯುವುದಿಲ್ಲ, ಆನ್‌ಲೈನಿನಲ್ಲಿ ಅದು ವಾರಕ್ಕೊಂದು ಥರ ಇರುತ್ತದೆ.

ಗಟ್ಟಿ ಫೈಬರ್ ಕಯಾಕ್ ಯಾಕೆ ಬೇಡ ಅಂತ ಕೇಳಬಹುದು. ಬೇಡ ಅಂತಲ್ಲ. ಇಡುವುದೆಲ್ಲಿ? ನಾನಿರುವುದು ಕುಮಟಾದಲ್ಲಿ, ಮಹಡಿ ಮೇಲಿನ ಬಾಡಿಗೆ ಮನೆ. ಇಬ್ಬರ ಗಟ್ಟಿ ಕಯಾಕನ್ನು ಹೊತ್ತು ಆ ಮೆಟ್ಟಿಲಿನ ತಿರುವು ದಾಟಿಸುವುದು ದೂರದ ಮಾತು. ನೆಲದ ಮೇಲೆ ಬಿಟ್ಟರೆ ಓನರ್ ಸುಮ್ನೆ ಇರುತ್ತಾರಾ? ಈ ಚೀಲ ಸ್ಕೂಟಿಯಲ್ಲಿ ಕಾಲಿಡುವ ಜಾಗದಲ್ಲಿ ಕೂರುತ್ತದೆ. ಸ್ವಲ್ಪ ಕಾಲು ಅಗಲಿಸಿ ಕೂರಬೇಕು ಅಷ್ಟೆ. ನದಿದಂಡೆಯ ದಿವಗಿ ತನಕ ಹಾಗೇ ಹೋಗಿದ್ದೇನೆ. ನನ್ನ ಜೊತೆ ಹುಟ್ಟು ಹಾಕುವವನು ತಮ್ಮ. ಅವನು ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಬೈಕಿನಲ್ಲಿ ಬರುತ್ತಾನೆ. ಶಿರಸಿಯ ಶಂಕರ ಹೊಂಡವನ್ನೇ ಅಘನಾಶಿನಿಯ ಉಗಮ ಅನ್ನುತ್ತಾರಲ್ಲ, ಅದಕ್ಕೆ ಈ ನೀರೂ ತನ್ನದೇ ಅನ್ನುವ ಗತ್ತು ಅವನಿಗೆ. ಅಳಿವೆಯ ನೀರು ಒಂದು ಬೊಗಸೆ ಬಾಯಿಗೆ ಹಾಕಿಸಿ, "ಇದೂ ನಿನ್ನದೇನೋ?" ಅಂದ ಮೇಲೆ ಸ್ವಲ್ಪ ತಗ್ಗಿದ್ದಾನೆ.

ಈಗ ಗಾಳಿ ತುಂಬುವ ಕತೆ. ಕೈಪಂಪಿನಲ್ಲಿ ಹತ್ತು ಹನ್ನೆರಡು ನಿಮಿಷ ಸಾಕು. ನಮ್ಮ ಕರಾವಳಿಯ ಬೆವರಿಗೆ ಅದೇ ದೊಡ್ಡ ವ್ಯಾಯಾಮ. ಎಷ್ಟು ತುಂಬಬೇಕು ಅನ್ನುವುದಕ್ಕೆ ಇದರಲ್ಲಿ ಒಂದು ಜಾಣ ಉಪಾಯ ಇದೆ, ನನಗೆ ಬಹಳ ಇಷ್ಟವಾಯಿತು. ಕೊಳವೆಯ ಮೈಮೇಲೆ ಒಂದು ಅಳತೆಪಟ್ಟಿ ಅಚ್ಚಾಗಿದೆ. ದೋಣಿ ಬಾಡಿರುವಾಗ ಆ ಪಟ್ಟಿ ಗಿಡ್ಡ. ಗಾಳಿ ತುಂಬಿದಂತೆ ಪಿವಿಸಿ ಹಿಗ್ಗುತ್ತದೆ, ಅದರ ಜೊತೆ ಪಟ್ಟಿಯೂ ಹಿಗ್ಗುತ್ತದೆ. ಕೈಪಿಡಿ ಜೊತೆ ಕೊಟ್ಟ ಬೇರೆ ಸ್ಕೇಲನ್ನು ಪಕ್ಕಕ್ಕೆ ಹಿಡಿಯಬೇಕು. ಎರಡೂ ಸರಿಸಮ ಆದಾಗ ಪಂಪು ನಿಲ್ಲಿಸಬೇಕು. ಗೇಜು ಬೇಡ, ಅಂದಾಜು ಬೇಡ. ತಮ್ಮನಿಗೆ ಮಾತ್ರ ಟಯರ್ ಒತ್ತಿ ನೋಡುವ ಹಾಗೆ ಹೆಬ್ಬೆರಳಲ್ಲಿ ಒತ್ತಿ ನೋಡದಿದ್ದರೆ ಸಮಾಧಾನ ಇಲ್ಲ.

ಈ ಸಾದಾ ಜಾತಿಯ ದೋಣಿಗಳಲ್ಲಿ ಗಾಳಿಯ ಒತ್ತಡ ಬಹಳ ಕಡಿಮೆ, 1 ಪಿಎಸ್‌ಐ ಆಸುಪಾಸು. ಕಾರಿನ ಚಕ್ರಕ್ಕೆ 30ರ ಮೇಲೆ ಹಾಕುತ್ತೇವಲ್ಲ, ಅದಕ್ಕೆ ಹೋಲಿಸಿದರೆ ಇದು ಏನೂ ಅಲ್ಲ. ಬಿಸಿಲಿನ ಅಪಾಯ ಇರುವುದು ಇಲ್ಲೇ. ಮುಚ್ಚಿದ ಕೊಳವೆಯೊಳಗಿನ ಗಾಳಿ 20 ಡಿಗ್ರಿ ಬಿಸಿಯಾದರೆ, ಕೊಳವೆ ಹಿಗ್ಗದೇ ಇದ್ದರೆ, ಒತ್ತಡ ಸುಮಾರು 1 ಪಿಎಸ್‌ಐ ಏರುತ್ತದೆ. ಅಂದರೆ ಇದ್ದದ್ದು ಹೆಚ್ಚುಕಡಿಮೆ ಎರಡರಷ್ಟು. ಕೊಳವೆ ಅಷ್ಟಿಷ್ಟು ಹಿಗ್ಗಿಕೊಳ್ಳುತ್ತದೆ ನಿಜ, ಆ ಹಿಗ್ಗುವ ಜಾಗವೇ ಹೊಲಿಗೆಯ ಅಂಟು. ನದಿದಂಡೆಯಲ್ಲಿ ಬಿಸಿಲಿಗೆ ಬಿಟ್ಟು ಅವಲಕ್ಕಿ ತಿನ್ನುತ್ತಾ ಕೂತರೆ ದೋಣಿ ಡಬ್ಬನೆ ಒಡೆಯದಿದ್ದರೂ ಅಂಟು ಬಿಡಲು ಶುರುವಾಗುತ್ತದೆ. ಇದಕ್ಕೆ ಉಲ್ಟಾ ಕೂಡ ಇದೆ. ಬಿಸಿಲಲ್ಲಿ ಬಿಗಿಯಾಗಿ ತುಂಬಿಸಿ ತಣ್ಣನೆ ನೀರಿಗೆ ಇಳಿಸಿದರೆ ಐದು ನಿಮಿಷದಲ್ಲಿ ಮೆತ್ತಗಾಗುತ್ತದೆ. ತೂತಾಯಿತು ಅಂತ ಗಾಬರಿಯಾಗುವವರಿದ್ದಾರೆ. ತೂತಲ್ಲ, ಒಳಗಿನ ಗಾಳಿ ತಣಿದದ್ದು. ನಾವು ಮುಕ್ಕಾಲು ತುಂಬಿಸಿ ನೀರಿಗೆ ಬಿಟ್ಟು, ಅಲ್ಲೇ ಮೊಣಕಾಲು ನೀರಿನಲ್ಲಿ ನಿಂತು ಉಳಿದದ್ದನ್ನು ತುಂಬುತ್ತೇವೆ. ದಂಡೆಗೆ ಬಂದರೆ ನೆರಳಿಗೆ ಎಳೆಯುತ್ತೇವೆ, ಇಲ್ಲವೇ ವಾಲ್ವ್ ತೆಗೆದು ಒಂಚೂರು ಬಿಡುತ್ತೇವೆ.

ಡಬ್ಬದ ಮೇಲೆ 180 ಕಿಲೋ ತಡೆಯುತ್ತದೆ ಅಂತ ಬರೆದಿದೆ. ಅದು ಮುಳುಗದೇ ಇರುವ ಲೆಕ್ಕ, ಸುಖವಾಗಿ ಸಾಗುವ ಲೆಕ್ಕ ಅಲ್ಲ. ನಾನು, ತಮ್ಮ, ನೀರಿನ ಬಾಟಲಿ, ತಿಂಡಿ ಡಬ್ಬಿ, ಚೀಲ ಎಲ್ಲಾ ಸೇರಿ 150 ದಾಟುತ್ತದೆ. ಅಷ್ಟಕ್ಕೇ ದೋಣಿ ಸಾಕು ಸಾಕು ಅನ್ನುತ್ತದೆ. ಎರಡು ಸೀಟಿನ ನಡುವೆ ಕಾಲು ಚಾಚಲು ಇರುವ ಜಾಗ ಅಷ್ಟಕ್ಕಷ್ಟೆ. ಹಿಂದೆ ಕೂತವನ ಪಾದ ಮುಂದಿನವಳ ಸೀಟಿನ ಅಡಿಗೆ. ಆರಡಿ ಎತ್ತರದವರಿಬ್ಬರು ಇದರಲ್ಲಿ ಒಂದು ಗಂಟೆ ಕೂರಲಾರರು. ಒಬ್ಬ ದೊಡ್ಡವರು, ಒಂದು ಮಗು ಆದರೆ ಅರಮನೆ.

ಭಾರ ಇರುವವರು ಹಿಂದೆ ಕೂರಬೇಕು. ಇದು ಮರ್ಯಾದೆಯ ಪ್ರಶ್ನೆ ಅಲ್ಲ. ಭಾರ ಮುಂದೆ ಬಿದ್ದರೆ ಮೂತಿ ನೀರಿಗೆ ಒತ್ತುತ್ತದೆ, ದೋಣಿ ನೇರ ಹೋಗದೆ ಬಾಲ ಅಲ್ಲಾಡಿಸುತ್ತದೆ. ಹಾಗಾಗಿ ಮುಂದಿನ ಸೀಟು ನನ್ನದು. ಮುಂದಿನವರು ಹಾಕಿದ ತಾಳಕ್ಕೆ ಹಿಂದಿನವರು ಹುಟ್ಟು ಹಾಕಬೇಕು, ಯಾಕೆಂದರೆ ಮುಂದಿನವರಿಗೆ ಹಿಂದೆ ಕಾಣುವುದಿಲ್ಲ. ತಾಳ ತಪ್ಪಿದರೆ ಎರಡು ಹುಟ್ಟು ಟಣ್ ಅಂತ ಬಡಿದುಕೊಳ್ಳುತ್ತವೆ. ಮೊದಮೊದಲು ಅಳಿವೆ ಬಾಯಿಯ ತದಡಿ ಬಂದರಿನ ಕಾಗೆಗಳೆಲ್ಲ ಹಾರುವಷ್ಟು ಸದ್ದು. "ಅಕ್ಕಾ, ಒಂದೋ ಎಡ ಹೇಳು, ಒಂದೋ ಬಲ ಹೇಳು, ಇಲ್ಲದಿದ್ರೆ ಬಾಯ್ಮುಚ್ಕಂಡು ಹೊಡಿ" ಅಂತ ಅವನು. ತಿರುಗಿಸುವ ಕೆಲಸ ಹಿಂದಿನವರದ್ದು, ಮುಂದೆ ಕೂತು ನಾನು ಎಷ್ಟು ಕೂಗಿದರೂ ದೋಣಿ ತಿರುಗುವುದು ಅವನ ಹುಟ್ಟಿಗೇ.

ಹುಟ್ಟಿನ ವಿಷಯದಲ್ಲಿ ನನ್ನ ತಕರಾರು ಇದೆ. ಜೊತೆಗೆ ಬರುವ ಹುಟ್ಟಿನ ಉದ್ದ ಸುಮಾರು 213 ಸೆಂಟಿಮೀಟರ್. ದೋಣಿಯ ಅಗಲ 91. ಇಷ್ಟು ಅಗಲದ ದೋಣಿಗೆ 230ರಿಂದ 240ರ ಹುಟ್ಟು ಬೇಕು. ಗಿಡ್ಡ ಹುಟ್ಟು ನೀರಿಗೆ ಎಟುಕಬೇಕಾದರೆ ಕೈಯನ್ನು ತೀರಾ ಎತ್ತಿ ಇಳಿಸಬೇಕು. ಪ್ರತಿ ಸಲ ಬೆರಳ ಗೆಣ್ಣು ಕೊಳವೆಗೆ ಉಜ್ಜುತ್ತದೆ. ಅರ್ಧ ಗಂಟೆಯಲ್ಲಿ ಎಡಗೈ ಹೆಬ್ಬೆರಳ ಬುಡದಲ್ಲಿ ಕೆಂಪಗೆ ಸಿಪ್ಪೆ ಎದ್ದಿತ್ತು, ಮೇಲಿಂದ ಉಪ್ಪುನೀರು. ಮತ್ತೆ ಎತ್ತಿದ ಹುಟ್ಟಿನಿಂದ ನೀರು ಕೋಲಿನುದ್ದ ಹರಿದು ನೇರ ಮಡಿಲಿಗೆ. ಹುಟ್ಟಿನ ಮೇಲೆ ರಬ್ಬರಿನ ಬಳೆ ಇದೆ, ನೀರು ಅಲ್ಲೇ ತೊಟ್ಟಿಕ್ಕಲಿ ಅಂತ. ಅದನ್ನು ಅಲಗಿನ ಹತ್ತಿರಕ್ಕೆ ಸರಿಸಿದ ಮೇಲೆ ಸ್ವಲ್ಪ ಕಡಿಮೆಯಾಯಿತು. ಉದ್ದದ ಹುಟ್ಟು ಬೇರೆ ತರಿಸಿದ ಮೇಲೆ ದೋಣಿಯೇ ಬೇರೆ ಅನ್ನಿಸಿತು. ನಿಮ್ಮ ಹತ್ತಿರ ಖರ್ಚಿಗೆ ಸ್ವಲ್ಪ ಹೆಚ್ಚಿಗೆ ಇದ್ದರೆ ದುಬಾರಿ ದೋಣಿಗೆ ಹಾಕಬೇಡಿ, ಹುಟ್ಟಿಗೆ ಹಾಕಿ.

ಸೀಟು ಪರವಾಗಿಲ್ಲ. ಬೆನ್ನಿಗೆ ಆಸರೆ ಇದೆ, ಆದರೆ ಪಟ್ಟಿ ಮೆಲ್ಲಗೆ ಸಡಿಲವಾಗಿ ಕೊನೆಗೆ ಅರ್ಧ ಮಲಗಿ ಹುಟ್ಟು ಹಾಕುವ ಹಾಗಾಗುತ್ತದೆ. ಅಡಿಯಲ್ಲಿ ನೀರು ನಿಲ್ಲುತ್ತದೆ, ಅದಂತೂ ಗ್ಯಾರಂಟಿ. ಒದ್ದೆಯಾಗದೆ ಬರುತ್ತೇನೆ ಅನ್ನುವವರು ಇದನ್ನು ಕೊಳ್ಳಲೇಬಾರದು. ನೀರು ಎತ್ತಿ ಚೆಲ್ಲಲು ಅಂಗಡಿಯವರು ಸ್ಪಾಂಜು ತಗೊಳ್ಳಿ ಅನ್ನುತ್ತಾರೆ. ತಮ್ಮ ತೋಟದಿಂದ ಅಡಿಕೆ ಹಾಳೆ ತಂದು ಮಡಚಿ, ಎರಡು ತುದಿಗೆ ಕಡ್ಡಿ ಚುಚ್ಚಿ ಕೊಟ್ಟ. ಸ್ಪಾಂಜಿಗಿಂತ ಹತ್ತು ಪಾಲು ಬೇಗ. ತೂಕ ಇಲ್ಲ, ದೋಣಿಗೆ ಗೀರುವುದಿಲ್ಲ, ಹಾಳಾದರೆ ಘಟ್ಟದ ಮೇಲೆ ಹಾಳೆಗೇನು ಬರವೇ?

ಇನ್ನು ಗಾಳಿ. ನಿಜವಾಗಿ ಬರೆಯಬೇಕೆಂದಿದ್ದದ್ದು ಇದೇ.

ಈ ದೋಣಿಯ ಅಡಿ ಚಪ್ಪಟೆ. ನೀರಿನೊಳಗೆ ಇಳಿಯುವುದು ಕಡಿಮೆ, ನೀರಿನ ಮೇಲೆ ಎದ್ದು ನಿಲ್ಲುವುದು ಜಾಸ್ತಿ. ಅದಕ್ಕೇ ಒಂದು ಮೊಳ ನೀರಿದ್ದರೂ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ನಡುವೆ ನುಸುಳುತ್ತದೆ. ಅದಕ್ಕೇ ಗಾಳಿ ಬಂದರೆ ಪಟದಂತೆ ಹೋಗುತ್ತದೆ. ಎರಡೂ ಒಂದೇ ಗುಣದ ಫಲ. ನಮ್ಮ ಕಡೆ ಬೇಸಿಗೆಯ ದಿನಗಳಲ್ಲಿ ಬೆಳಗಿನ ಹೊತ್ತು ನೀರು ಅಲ್ಲಾಡುವುದಿಲ್ಲ. ನೆಲ ಕಾದ ಮೇಲೆ, ಹನ್ನೊಂದರ ಸುಮಾರಿಗೆ, ಪಶ್ಚಿಮದಿಂದ ಕಡಲಗಾಳಿ ಏಳುತ್ತದೆ. ಮಧ್ಯಾಹ್ನ ಜೋರು. ಸಂಜೆ ಕತ್ತಲಾಗುವಾಗ ಇಳಿಯುತ್ತದೆ. ಫೆಬ್ರವರಿಯ ಒಂದು ಮಧ್ಯಾಹ್ನ ನೋಡೋಣ ಅಂತಲೇ ಹೋದೆವು. ಬೆಳಿಗ್ಗೆ ಆರಾಮಾಗಿ ಗಂಟೆಗೆ ನಾಲ್ಕೂವರೆ ಕಿಲೋಮೀಟರ್ ತೋರಿಸುತ್ತಿದ್ದ ಮೊಬೈಲು, ಎದುರುಗಾಳಿಯಲ್ಲಿ ಇಬ್ಬರೂ ಹಲ್ಲು ಕಚ್ಚಿ ಹೊಡೆದರೂ ಎರಡು ದಾಟಲಿಲ್ಲ. ನೀರು ಕುಡಿಯಲು ಹುಟ್ಟು ಮಡಿಲಲ್ಲಿಟ್ಟು ಬಾಟಲಿ ಎತ್ತಿದೆ. ಮುಚ್ಚಳ ತಿರುಗಿಸಿ ಹಾಕುವಷ್ಟರಲ್ಲಿ ಮೂತಿ ಅಡ್ಡ ತಿರುಗಿತ್ತು, ಕಾಂಡ್ಲಾ ಬೇರು ಕೈಗೆ ಸಿಗುವಷ್ಟು ಹತ್ತಿರ.

ಹಿಂದಿನ ಪ್ಲಾಸ್ಟಿಕ್ ರೆಕ್ಕೆ ಇಲ್ಲದಿದ್ದರೆ ಗಾಳಿಯೇ ಬೇಡ, ಪ್ರತಿ ಹುಟ್ಟಿಗೂ ಮೂತಿ ಅತ್ತಿತ್ತ ಹೊರಳುತ್ತದೆ. ರೆಕ್ಕೆ ಹಾಕಿದರೆ ನೇರ. ಇಳಿತದಲ್ಲಿ ಮಾತ್ರ ಅದು ಕೆಸರಿಗೆ ಕಚ್ಚಿಕೊಳ್ಳುತ್ತದೆ.

ಗಾಳಿಯಷ್ಟೇ ಮುಖ್ಯ ಭರತ ಮತ್ತು ಇಳಿತ. ದಿನಕ್ಕೆ ಎರಡು ಸಲ ಏರು, ಎರಡು ಸಲ ಇಳಿ, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡ. ಅಮಾವಾಸ್ಯೆ ಹುಣ್ಣಿಮೆ ಆಸುಪಾಸು ಸೆಳೆತ ಜೋರು, ಅಷ್ಟಮಿ ಹತ್ತಿರ ಮೆತ್ತಗೆ. ಹಾಗಾಗಿ ನಾನು ದೋಣಿಗೆ ಹೋಗುವ ಭಾನುವಾರ ಆರಿಸುವುದು ಪಂಚಾಂಗ ನೋಡಿ. ಗಂಡ ನಗುತ್ತಾರೆ, ಮದುವೆಗೂ ಇಷ್ಟು ನೋಡಿರಲಿಲ್ಲ ಅಂತ. ಕಾರವಾರದ ಏರಿಳಿತದ ಸಮಯ ಮೊಬೈಲಿನಲ್ಲಿ ಸಿಗುತ್ತದೆ, ಆದರೆ ನದಿಯಲ್ಲಿ ಮೇಲೆ ಹೋದಷ್ಟೂ ಅದು ತಡವಾಗುತ್ತದೆ. ತದಡಿಯಲ್ಲಿ ನೀರು ಇಳಿಯಲು ಶುರುವಾದಾಗ ದಿವಗಿ ಸೇತುವೆ ಹತ್ತಿರ ಇನ್ನೂ ಏರುತ್ತಿರಬಹುದು. ನಮ್ಮ ಪದ್ಧತಿ ಸರಳ. ಏರುವ ನೀರಿನ ಜೊತೆ ಮೇಲಕ್ಕೆ, ಇಳಿಯುವ ನೀರಿನ ಜೊತೆ ವಾಪಸ್. ಹೋಗುವಾಗ ಕೈಯಲ್ಲಿ ಶಕ್ತಿ ಇರುತ್ತದೆ, ಬರುವಾಗ ಇರುವುದಿಲ್ಲ. ಬರುವಾಗ ಇಳಿತ ಕಡಲಿನ ಕಡೆ ಎಳೆಯುತ್ತದೆ ಅನ್ನುವುದು ನೆನಪಿರಬೇಕು, ಅದಕ್ಕೆ ನಾವು ಹತ್ತುವುದು ಇಳಿಯುವುದು ಎಲ್ಲಾ ತದಡಿಗಿಂತ ಬಹಳ ಮೇಲೆ. ಬಂದರಿನ ಬೋಟುಗಳು ದೊಡ್ಡದಾಗಿ ಕಂಡರೆ ತಿರುಗಿಸುತ್ತೇವೆ. ಅಳಿವೆಯ ಬಾಯಲ್ಲಿ ಇಳಿತದ ನೀರು, ಕಡಲಿನ ಅಲೆ ಎರಡೂ ಎದುರುಬದುರು ಬಡಿಯುತ್ತವೆ. ಅಲ್ಲಿ ಈ ಪ್ಲಾಸ್ಟಿಕ್ಕಿಗೆ ಕೆಲಸ ಇಲ್ಲ.

ಅಘನಾಶಿನಿಗೆ ಅಣೆಕಟ್ಟು ಇಲ್ಲ, ಅದು ದೊಡ್ಡ ಅನುಕೂಲ. ಕಡಲು ಮತ್ತು ಮಳೆ ಇವೆರಡನ್ನೇ ನೋಡಿದರೆ ಸಾಕು. ಕಾರವಾರದ ಕಾಳಿಯಲ್ಲಿ ಮೇಲೆ ಕದ್ರಾ ಇದೆ, ಹೊನ್ನಾವರದ ಶರಾವತಿಗೆ ಗೇರುಸೊಪ್ಪೆ ಇದೆ. ಅಲ್ಲಿ ನೀರು ಬಿಡುವ ಸುದ್ದಿಯನ್ನೂ ಕೇಳಿಕೊಂಡೇ ಇಳಿಯಬೇಕು. ಕಾಳಿಯಲ್ಲಿ ಸದಾಶಿವಗಡದ ಸೇತುವೆ ಕಂಬಗಳಿಂದ ದೂರ ಇರಿ, ಯಾವ ಸೇತುವೆ ಆದರೂ ಅಷ್ಟೆ, ಸೆಳೆತ ದೋಣಿಯನ್ನು ಕಂಬಕ್ಕೆ ಅಡ್ಡ ಒತ್ತಿಬಿಡುತ್ತದೆ. ನೌಕಾನೆಲೆ ಇರುವ ಅರ್ಗಾ ಕಡೆಯ ಮಾತಂತೂ ಬೇಡವೇ ಬೇಡ. ಇದನ್ನು ಗಣೇಶಗುಡಿಗೆ ಒಯ್ದು ರ‍್ಯಾಫ್ಟಿಂಗ್ ಮಾಡುತ್ತೇನೆ ಅಂತ ಹೊರಟವರೊಬ್ಬರು ನನ್ನ ಅಂಗಡಿಗೇ ಬಂದಿದ್ದರು. ಅಲ್ಲಿಯ ಕಲ್ಲು, ರಭಸಕ್ಕೆ ಬಳಸುವ ರ‍್ಯಾಫ್ಟಿನ ಬಟ್ಟೆಯೇ ಬೇರೆ. ಬ್ಯಾಂಡೇಜು ಜಾಸ್ತಿ ತಗೊಂಡು ಹೋಗಿ ಅಂದೆ, ಅರ್ಥವಾಯಿತು ಅಂತ ಕಾಣುತ್ತದೆ.

ತೂತಿನ ಬಗ್ಗೆ ಎಲ್ಲರಿಗೂ ಭಯ. ಭಯ ಪಡಬೇಕಾದ್ದು ಮೀನಿಗಲ್ಲ, ಚಿಪ್ಪಿಗೆ. ಈ ಅಳಿವೆ ಚಿಪ್ಪಿಗೆ ಹೆಸರಾದದ್ದು. ಇಳಿತದ ಹೊತ್ತಿಗೆ ಹೆಂಗಸರು ಬುಟ್ಟಿ ಹಿಡಿದು ಸೊಂಟದ ತನಕ ನೀರಿನಲ್ಲಿ ನಿಂತು ಬಳಚು ಅನ್ನುವ ಚಿಪ್ಪು ಆರಿಸುವುದು ದಿನವೂ ಕಾಣುತ್ತದೆ. 2024ರಲ್ಲಿ ಈ ಅಳಿವೆ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಕೆಸರಿನೊಳಗಿನ ಬಳಚು ನಮಗೆ ಏನೂ ಮಾಡುವುದಿಲ್ಲ. ಕಲ್ಲಿಗೆ, ಧಕ್ಕೆಯ ಕಂಬಕ್ಕೆ, ಕಾಂಡ್ಲಾ ಬೇರಿಗೆ ಅಂಟಿಕೊಂಡು ಅಂಚು ಮೇಲೆ ಮಾಡಿರುವ ಚಿಪ್ಪು ಇದೆಯಲ್ಲ, ಅದು ಬ್ಲೇಡು. ಹಳೇ ಧಕ್ಕೆಯೊಂದರ ಹತ್ತಿರ ಬೋಟಿನ ಅಲೆ ಬಂದು ನಮ್ಮನ್ನು ಕಲ್ಲಿನ ಮೇಲೆ ಕೂರಿಸಿ ಎತ್ತಿತು. ಸದ್ದೇ ಇಲ್ಲ. ಸ್ವಲ್ಪ ಹೊತ್ತಿಗೆ ಕೂತ ಜಾಗ ಮೆತ್ತಗಾಗಿ ಸೊಂಟ ಕೆಳಗಿಳಿಯಿತು. ಅಡಿಯ ಹಾಸು ಹೋಗಿತ್ತು. ಎರಡು ಬದಿಯ ಕೊಳವೆ ಗಟ್ಟಿ ಇದ್ದವು, ಮೂರು ಕೋಣೆ ಇರುವುದು ಇದಕ್ಕೇ. ನಿಧಾನ ಆಯಿತು, ದಂಡೆ ಮುಟ್ಟಿದೆವು.

ಸೋಪುನೀರು ಹಚ್ಚಿದಾಗ ಗುಳ್ಳೆ ಎದ್ದ ಜಾಗದಲ್ಲಿ ಅರ್ಧ ಸೆಂಟಿಮೀಟರಿನ ಗೀರು. ಸೈಕಲ್ ಅಂಗಡಿಯ ಸೊಲ್ಯೂಷನ್ ಇದಕ್ಕೆ ಹಿಡಿಯುವುದಿಲ್ಲ, ಅದು ರಬ್ಬರಿನದ್ದು. ಪಿವಿಸಿಯದ್ದೇ ಗಮ್ಮು ಬೇಕು. ಉಪ್ಪು, ಎಣ್ಣೆ ಜಿಡ್ಡು ಹೋಗಲು ನನ್ನ ಅಂಗಡಿಯ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿದೆ. ತೇಪೆಯ ಮೂಲೆಗಳನ್ನು ಗುಂಡಗೆ ಕತ್ತರಿಸಿದೆ, ಚೂಪು ಮೂಲೆ ಬೇಗ ಏಳುತ್ತದೆ. ಅಂಟಿಸಿ, ಮೇಲೆ ಒರಳಿನ ಗುಂಡು ಇಟ್ಟು ಮರುದಿನದ ತನಕ ಬಿಟ್ಟೆವು. ಈಗಲೂ ಗಟ್ಟಿ ಇದೆ. ಆ ದಿನ ಮಾತ್ರ ಮನೆಯಲ್ಲಿ ದೋಸೆ ಹಿಟ್ಟು ಮಿಕ್ಸಿಯಲ್ಲಿ.

ದಂಡೆಯಲ್ಲಿ ಪಾತಿ ದೋಣಿಯ ಹಿರಿಯರೊಬ್ಬರು ನಮ್ಮದನ್ನು ಸುತ್ತು ಹಾಕಿ ನೋಡಿದರು. ಒತ್ತಿ ನೋಡಿದರು. "ಚಂದ ಅದೆ. ಲಂಗರು ಎಲ್ಲದೆ?" ಅಂದರು. ಇಲ್ಲ ಅಂದೆ. "ಮತ್ತೆ ಸುಸ್ತಾದ್ರೆ ಎಲ್ಲಿ ನಿಲ್ತ್ರಿ?" ಅಂದರು. ಡಬ್ಬದ ಮೇಲೆ ಬರೆದ ಯಾವ ಗುಣದ ಪಟ್ಟಿಯಲ್ಲೂ ಲಂಗರಿನ ಮಾತಿಲ್ಲ. ಈಗ ಒಂದೂವರೆ ಕಿಲೋದ ಮಡಚುವ ಲಂಗರು ಒಂದು ಚೀಲದಲ್ಲಿ ಸುತ್ತಿ ಮುಂದೆ ಇಟ್ಟಿರುತ್ತೇನೆ. ಚೀಲದಲ್ಲಿ ಸುತ್ತಬೇಕು, ಇಲ್ಲದಿದ್ದರೆ ಅದೇ ದೋಣಿಗೆ ಚುಚ್ಚುತ್ತದೆ.

ಲೈಫ್ ಜಾಕೆಟ್ ಡಬ್ಬದಲ್ಲಿ ಬರುವುದಿಲ್ಲ. ತೇಲಿಸುವ ಬಲ ಕನಿಷ್ಠ 50 ನ್ಯೂಟನ್ ಅಂತ ಬರೆದದ್ದು ನೋಡಿ, ನಿಮ್ಮ ತೂಕಕ್ಕೆ ಸರಿಯಾದದ್ದು ತಗೊಳ್ಳಿ, ಹಾಕಿಕೊಳ್ಳಿ. ಸೀಟಿನ ಹಿಂದೆ ದಿಂಬು ಮಾಡಿ ಇಡುವವರನ್ನು ನೋಡಿದ್ದೇನೆ. ಈಜು ಬರುತ್ತದೆ ಅನ್ನುವುದು ಉತ್ತರ ಅಲ್ಲ. ಮೊದಲ ದಿನವೇ ಎದೆಮಟ್ಟದ ನೀರಿನಲ್ಲಿ ಬೇಕಂತಲೇ ಬಿದ್ದು ಮತ್ತೆ ಹತ್ತಿ ನೋಡಿ. ಒದ್ದೆ ಕೊಳವೆ ಜಾರುತ್ತದೆ, ಕೈಗೆ ಹಿಡಿ ಸಿಗುವುದಿಲ್ಲ. ಒಬ್ಬರು ಆಚೆ ಬದಿಯಿಂದ ಜೋತುಬಿದ್ದು ಒತ್ತಿಹಿಡಿದರೆ ಇನ್ನೊಬ್ಬರು ಈಚೆಯಿಂದ ಹೊಟ್ಟೆಯ ಮೇಲೆ ಏರಬಹುದು. ನನ್ನ ಮೊಣಕಾಲಿಗೆ ಅದು ಸುಲಭದ್ದಲ್ಲ, ಆದರೂ ಆಗುತ್ತದೆ. ದೋಣಿ ಅಗಲ ಇರುವುದರಿಂದ ಸುಮ್ಮಸುಮ್ಮನೆ ಮಗುಚುವುದಿಲ್ಲ, ಅದಕ್ಕೆ ಪೂರ್ತಿ ಅಂಕ.

ಮನೆಗೆ ಬಂದ ಮೇಲಿನ ಕೆಲಸ ಯಾರೂ ಹೇಳುವುದಿಲ್ಲ. ಸಿಹಿನೀರಲ್ಲಿ ತೊಳೆಯಬೇಕು, ಹಾಸಿನ ಮಡಿಕೆಯಲ್ಲಿ ಕೂತ ಮರಳು ತೆಗೆಯಬೇಕು, ನೆರಳಲ್ಲಿ ಒಣಗಿಸಬೇಕು. ಹುಟ್ಟು ಹಾಕಿದ ಹೊತ್ತಿನಷ್ಟೇ ಹೊತ್ತು ಇದಕ್ಕೂ. ಒದ್ದೆ ಮಡಚಿದರೆ ನಮ್ಮ ಹವೆಗೆ ಮೂರೇ ದಿನದಲ್ಲಿ ಬೂಸಲು. ಜೂನ್‌ನಿಂದ ದೋಣಿಗೆ ರಜೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳಿಗೇ ಮೀನುಗಾರಿಕೆ ನಿಷೇಧ, ಇನ್ನು ಇದೆಲ್ಲಿ? ಮಳೆ ನಿಂತರೂ ಕೆಂಪುನೀರು ತಿಳಿಯಾಗುವ ತನಕ ನಾವು ಇಳಿಯುವುದಿಲ್ಲ, ಮರದ ದಿಮ್ಮಿ ತೇಲಿ ಬಂದರೆ ಕಾಣುವುದಿಲ್ಲ. ಅಲ್ಲಿಯ ತನಕ ಪೌಡರ್ ಹಚ್ಚಿ, ಸಡಿಲವಾಗಿ ಸುತ್ತಿ, ಮುಚ್ಚಳದ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ. ಅಟ್ಟದ ಮೇಲೆ ಹಾಗೇ ಇಟ್ಟರೆ ಇಲಿಗೆ ಹಬ್ಬ.

ಕುಮಟಾ ಕಡೆಯವರು ಕೊಳ್ಳುವ ಮುಂಚೆ ಒಮ್ಮೆ ಕೂತು ನೋಡಬೇಕು ಅಂದರೆ ನವೆಂಬರ್ ನಂತರದ ಯಾವುದಾದರೂ ಭಾನುವಾರ ಬನ್ನಿ. ಬೆಳಿಗ್ಗೆ ಆರೂವರೆಗೆ ದಿವಗಿಯಲ್ಲಿರಬೇಕು, ಒಂಬತ್ತೂವರೆಗೆ ನಾವು ದೋಣಿ ಮಡಚುತ್ತಿರುತ್ತೇವೆ. ಲೈಫ್ ಜಾಕೆಟ್ ನೀವೇ ತನ್ನಿ, ನಮ್ಮಲ್ಲಿ ಇರುವುದು ಎರಡೇ. ಪಂಪು ಹೊಡೆಯುವ ಕೆಲಸವೂ ನಿಮ್ಮದೇ.